ಎದೆ ಡವಗುಟ್ಟಿದರೆ ಹೆದರಬೇಕೇ?

‘ನನಗೆ 46 ವರ್ಷ. ಇಡೀ ದಿನ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ವ್ಯಾಯಾಮ ಶುರು ಮಾಡಬೇಕು ಅಂತ ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಜಿಮ್‌ಗೆ ದುಡ್ಡು ಕಟ್ಟಿ, ಬಾಗಿಲವರೆಗೆ ಹೋಗಿ, ಒಳಗಿದ್ದವರನ್ನು ನೋಡಿ ವಾಪಸ್ ಬಂದೆ. ಮನೆಯಲ್ಲೇ ವಿಡಿಯೊ ಹಾಕಿಕೊಂಡು ಕುಣಿದೆ. ಐದೇ ನಿಮಿಷಕ್ಕೆ ಎದೆ ಡವಡವ ಹೊಡೆದುಕೊಂಡು, ಏನೋ ಆಗಿಬಿಡುತ್ತದೆ ಅನ್ನಿಸಿ ಕೂತುಬಿಟ್ಟೆ. ಎರಡು ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ತೊಂದರೆಯಿಲ್ಲ ಅಂದಿದ್ದಾರೆ. ಆದರೂ ಧೈರ್ಯ ಬರುತ್ತಿಲ್ಲ. ಈ ಭಯ ಹೋಗಲಾಡಿಸುವುದು ಹೇಗೆ? ಕೈಗೆ ಕಟ್ಟುವ ಫಿಟ್‌ನೆಸ್ ವಾಚು ಕೊಂಡರೆ ಅನುಕೂಲವಾದೀತೇ?’
– ಹೆಸರು ಬೇಡ ಎಂದಿರುವ ಓದುಗರು

ಪ್ರಿಯ ಓದುಗರೇ,

ಭಯ ಮೊದಲು ಹೋಗಬೇಕು, ವ್ಯಾಯಾಮ ಆಮೇಲೆ ಎಂಬ ನಿಮ್ಮ ಲೆಕ್ಕವೇ ತಿರುವುಮುರುವಾಗಿದೆ ಅನ್ನಿಸುತ್ತದೆ ನನಗೆ. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ವಿವರಿಸಿದ್ದರು. ಬೇರೆಯವರು ಹುರಿದುಂಬಿಸಿದರೆ ಒಂದಿಷ್ಟು ಬರುತ್ತದೆ, ನಮ್ಮಂಥವರು ಮಾಡುವುದನ್ನು ಕಂಡರೆ ಇನ್ನೊಂದಿಷ್ಟು. ಆದರೆ ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವತಃ ಮಾಡಿ ಮುಗಿಸಿದ ಅನುಭವದಿಂದ ಬರುವಂಥದ್ದು. ಹಾಗಾಗಿ ಮೂರು ತಿಂಗಳಲ್ಲಿ ಮೈ ಕರಗಿಸಿದವರ ‘ಸ್ಫೂರ್ತಿ’ಯ ವಿಡಿಯೊಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವರು ನಿಮ್ಮಂಥವರಲ್ಲ, ಅವರನ್ನು ನೋಡಿದಷ್ಟೂ ನಿಮ್ಮ ಅಂಜಿಕೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಜಿಮ್ಮಿನ ಬಾಗಿಲಲ್ಲ, ಎದೆಬಡಿತ. ಸುಮ್ಮನೆ ಕೂತಿದ್ದಾಗ ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಮೈ ಬಗ್ಗಿಸಿ ಕೆಲಸ ಮಾಡುವಾಗ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಪೂರ್ತಿ ಶ್ರಮ ಹಾಕಿದರೆ, ಅಭ್ಯಾಸವೇ ಇಲ್ಲದವರ ಹೃದಯವೂ ಅದರ ಮೂರು ನಾಲ್ಕು ಪಟ್ಟು ತಳ್ಳಬಲ್ಲದು. ಬಡಿತ ಏರುವುದು, ಉಸಿರು ಜೋರಾಗುವುದು, ಬೆವರು ಒಡೆಯುವುದು ಇವೆಲ್ಲ ಆ ಕೆಲಸದ ಭಾಗ. ತೊಡಕು ಏನೆಂದರೆ ಗಾಬರಿಯಾದಾಗಲೂ ಮೈಯಲ್ಲಿ ಇವೇ ಲಕ್ಷಣಗಳು. ವರ್ಷಗಟ್ಟಲೆ ಓಡದವರಿಗೆ ಎದೆ ಡವಗುಟ್ಟಿದ ನೆನಪು ಇರುವುದೇ ಹೆದರಿದ ಸಂದರ್ಭಗಳಲ್ಲಿ. ಹಾಗಾಗಿ ಮಿದುಳು ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಗಾಬರಿ ಸೇರಿಕೊಂಡಿತೋ, ಬಡಿತ ಇನ್ನಷ್ಟು ಏರುತ್ತದೆ. ಅಲ್ಲಿಗೆ ಅನುಮಾನ ‘ಖಚಿತ’ವಾದಂತಾಯಿತು!

ಆಗ ನೀವು ಮಾಡಿದ್ದು ಎಲ್ಲರೂ ಮಾಡುವಂಥದ್ದೇ, ತಟ್ಟನೆ ಕೂತುಬಿಟ್ಟಿರಿ. ಬೊಗಳುವ ನಾಯಿ ಕಂಡು ಓಡಿದವನಿಗೆ ಓಡಿದ್ದರಿಂದಲೇ ಬದುಕಿದೆ ಅನ್ನಿಸುವ ಹಾಗೆ, ಕೂತದ್ದರಿಂದಲೇ ಪಾರಾದೆ ಎಂದು ಮನಸ್ಸು ಕಲಿತುಕೊಂಡಿತು. ಮುಂದಿನ ಸಲ ಹೀಗೆ ಮಾಡಿ: ಬಡಿತ ಏರಿದಾಗ ನಿಲ್ಲಬೇಡಿ, ನಿಧಾನ ಮಾಡಿ. ಮೂರು ನಿಮಿಷ ಬಿರುಸಾಗಿ ನಡೆದು, ಎರಡು ನಿಮಿಷ ಮೆಲ್ಲಗೆ ನಡೆಯುತ್ತ, ಬಡಿತ ತಾನಾಗಿ ಇಳಿಯುವುದನ್ನು ಗಮನಿಸಿ. ಏರುವುದನ್ನಲ್ಲ, ಇಳಿಯುವುದನ್ನು. ಏರಿದ್ದು ಇಳಿಯುತ್ತದೆ ಎಂಬುದನ್ನು ಮೈ ನಾಲ್ಕಾರು ಸಲ ಕಂಡುಕೊಂಡರೆ, ಡಾಕ್ಟರ ಮಾತು ತರದ ನೆಮ್ಮದಿಯನ್ನು ಅದು ತರುತ್ತದೆ.

ಇನ್ನು ಆ ವಿಡಿಯೊ. ಮೈ ಬೆಚ್ಚಗಾಗುವ ಮೊದಲೇ, ಪಳಗಿದವರ ವೇಗಕ್ಕೆ ನೀವು ಕುಣಿದಿರಿ. ಉಸಿರಾಟ ಕಷ್ಟವಾಗುವ ಒಂದು ಮಟ್ಟ ದಾಟಿದ ಮೇಲೆ ವ್ಯಾಯಾಮ ಹೆಚ್ಚುಕಡಿಮೆ ಎಲ್ಲರಿಗೂ ಅಹಿತವೇ. ವ್ಯತ್ಯಾಸ ಇಷ್ಟೇ: ಹೊಸಬರು ಆ ಮಟ್ಟವನ್ನು ಬಹುಬೇಗ ಮುಟ್ಟುತ್ತಾರೆ. ಇದಕ್ಕೆ ಯಂತ್ರವಿಲ್ಲದ ಅಳತೆಯೊಂದಿದೆ. ಮಾತಾಡಲು ಸಾಧ್ಯ, ಹಾಡಲು ಉಸಿರು ಸಾಲದು ಎಂದರೆ ಅದು ಮಧ್ಯಮ ಶ್ರಮ. ನಾಲ್ಕು ಮಾತಿಗೇ ಏದುಸಿರು ಬಂದರೆ ನಿಮ್ಮ ಮಟ್ಟಿಗೆ ಅದು ಜಾಸ್ತಿಯಾಯಿತು, ವಿಡಿಯೊದಲ್ಲಿರುವಾತ ‘ಇನ್ನೂ ಜೋರಾಗಿ’ ಎಂದು ಎಷ್ಟೇ ಕೂಗಲಿ.

ಮೆಟ್ಟಿಲು ಇಳಿಯಲಾಗದ ನೋವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಭ್ಯಾಸವಿಲ್ಲದ ಸ್ನಾಯು ಭಾರ ಹೊತ್ತು ಹಿಗ್ಗಿದಾಗ, ಅಂದರೆ ಕುಕ್ಕರಗಾಲಿಗೆ ಇಳಿಯುವಾಗ ಅಥವಾ ಇಳಿಜಾರು ನಡೆಯುವಾಗ, ಆಗುವ ಸೂಕ್ಷ್ಮ ಘಾಸಿಯಿಂದ ಅದು ಬರುತ್ತದೆ. ಒಂದರಿಂದ ಮೂರು ದಿನದೊಳಗೆ ಜಾಸ್ತಿಯಾಗಿ, ಆಮೇಲೆ ತಾನೇ ಇಳಿಯುತ್ತದೆ. ಶ್ರಮಪಟ್ಟಾಗ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡು ನೋಯುತ್ತದೆ ಎನ್ನುವುದು ಹಳೆಯ ಕಥೆ. ಅದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿರುತ್ತದೆ. ಅದೇ ವ್ಯಾಯಾಮ ಮತ್ತೆ ಮಾಡಿದಾಗ ನೋವು ಗಣನೀಯವಾಗಿ ಕಡಿಮೆ ಇರುತ್ತದೆ. ಮೊದಲ ನೋವಿಗೇ ಬಿಟ್ಟವರು ಈ ಲಾಭ ತಪ್ಪಿಸಿಕೊಳ್ಳುತ್ತಾರೆ, ಅಷ್ಟೇ ಬೇಸರ.

ಜಿಮ್ಮಿನ ಬಾಗಿಲಿಂದ ನಿಮ್ಮನ್ನು ವಾಪಸ್ ಕಳಿಸಿದ ‘ನೋಡುವವರು ಏನಂದುಕೊಂಡಾರು’ ಎಂಬ ಅಳುಕಿಗೆ ಬರುತ್ತೇನೆ. 2000ದಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರ ಪ್ರಯೋಗವೊಂದಿದೆ. ಮುಜುಗರ ತರುವಂಥ ಚಿತ್ರವಿದ್ದ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ತುಂಬಿದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಚಿತ್ರ ಗಮನಿಸಿರುತ್ತಾರೆ ಎಂದು ತೊಟ್ಟವರ ಅಂದಾಜು; ನಿಜವಾಗಿ ಗಮನಿಸಿದ್ದು ಕಾಲುಭಾಗದಷ್ಟು. ಯಾರೂ ನೋಡುವುದೇ ಇಲ್ಲ ಎಂದು ಇದರಿಂದ ಹೇಳಿದರೆ ಸುಳ್ಳಾಗುತ್ತದೆ. ಕೆಲವರು ನೋಡುತ್ತಾರೆ, ಯಾರೋ ಒಬ್ಬ ನಗಲೂಬಹುದು. ನೀವು ಎಣಿಸಿದಷ್ಟು ಜನರಲ್ಲ ಎಂಬುದಷ್ಟೇ ಸಮಾಧಾನ. ಅಷ್ಟಕ್ಕೂ ಜಿಮ್ ಯಾಕೆ ಬೇಕು? ಕಟ್ಟಿದ ದುಡ್ಡು ಹೋಯಿತೆಂಬ ಸಂಕಟಕ್ಕಾಗಿ ಅಲ್ಲಿಗೆ ಹೋಗಬೇಡಿ. ಹೋಗಲೇಬೇಕೆನಿಸಿದರೆ, ಜನ ಕಡಿಮೆಯಿರುವ ಹೊತ್ತು ವಿಚಾರಿಸಿ, ಒಂದೇ ಒಂದು ಉಪಕರಣ ಹೇಳಿಸಿಕೊಂಡು ಬನ್ನಿ.

ಹಾಗಾದರೆ ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದಿದೆ. ಇದನ್ನು ಓದಿಯೇ ಅರ್ಧ ಜನ ಕೈಚೆಲ್ಲುತ್ತಾರೆ. ಆದರೆ ಒಂದೇ ಸಮ 10 ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತನ್ನು ಅದೇ ಮಾರ್ಗಸೂಚಿ ಕೈಬಿಟ್ಟಿತು, ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡಿದರೂ ಒಳ್ಳೆಯದು ಎಂದೂ ಹೇಳಿತು. ನೀವು ಮೊದಲ ಎರಡು ವಾರ ದಿನಕ್ಕೆ ಹತ್ತೇ ನಿಮಿಷ ನಡೆಯಿರಿ. ದಿನ ಬಿಟ್ಟು ದಿನ ಕುರ್ಚಿಯಿಂದ ಎದ್ದು ಕೂರುವುದು ಎಂಟು ಸಲ, ಗೋಡೆಗೆ ಕೈಯೂರಿ ದೂಡುವುದು ಎಂಟು ಸಲ. ‘ಇನ್ನೂ ಮಾಡಬಹುದಿತ್ತು’ ಅನ್ನಿಸುವಾಗಲೇ ನಿಲ್ಲಿಸಿ. ಉತ್ಸಾಹ ಬಂದ ದಿನವೂ ಮೀರಬೇಡಿ. ಹೊಸಬರನ್ನು ಕೆಡಿಸುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಆ ಉತ್ಸಾಹವೇ ಎಂಬುದು ನನ್ನ ಅಭಿಪ್ರಾಯ. ವಯಸ್ಸಾಯಿತು ಎನ್ನಬೇಡಿ. 90ರ ಆಸುಪಾಸಿನ ದುರ್ಬಲ ವೃದ್ಧರು ಎಂಟು ವಾರ ತೂಕ ಎತ್ತಿ, ಕಾಲಿನ ಬಲವನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿಕೊಂಡ ಅಧ್ಯಯನ 1990ರಲ್ಲೇ ಬಂದಿದೆ.

ನಿಮ್ಮ ತಪಾಸಣೆ ಆಗಿರುವುದರಿಂದ ಇದು ಬೇರೆ ಓದುಗರಿಗೆ: ಶ್ರಮಪಟ್ಟಾಗ ಎದೆ ಬಿಗಿಯುವುದು, ನೋವು ತೋಳಿಗೋ ದವಡೆಗೋ ಹರಿಯುವುದು, ಕಣ್ಣು ಕತ್ತಲೆ ಬರುವುದು, ಸುಮ್ಮನಿದ್ದಾಗಲೂ ಉಸಿರು ಕಟ್ಟುವುದು ಇವು ಗಾಬರಿಯ ಲೆಕ್ಕಕ್ಕೆ ಸೇರುವುದಿಲ್ಲ. ತಕ್ಷಣ ನಿಲ್ಲಿಸಿ, ವೈದ್ಯರ ನೆರವು ಪಡೆಯಿರಿ. ಹೃದ್ರೋಗ, ಮಧುಮೇಹ, ಮೂತ್ರಪಿಂಡದ ಕಾಯಿಲೆ ಇರುವವರು ಶುರು ಮಾಡುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಕೊನೆಗೆ ವಾಚಿನ ವಿಷಯ. ಸದ್ಯಕ್ಕೆ ಬೇಡ ಎನ್ನುತ್ತೇನೆ. ಎದೆಬಡಿತಕ್ಕೆ ಹೆದರುವವರ ಮಣಿಕಟ್ಟಿಗೆ ಅದೇ ಬಡಿತದ ಅಂಕಿ ಕಟ್ಟಿದರೆ ಗಳಿಗೆಗೊಮ್ಮೆ ಕಣ್ಣು ಅತ್ತಲೇ ಹೋಗುತ್ತದೆ. ಅದು ಹೇಳುವ ‘ದಿನಕ್ಕೆ 10,000 ಹೆಜ್ಜೆ’ಯೂ ವೈದ್ಯಶಾಸ್ತ್ರ ಕೊಟ್ಟ ಸಂಖ್ಯೆಯಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರಿಂದ ಚಾಲ್ತಿಗೆ ಬಂದದ್ದು. ಮೂರು ತಿಂಗಳಾದ ಮೇಲೂ ಬೇಕೇ ಬೇಕು ಅನ್ನಿಸಿದರೆ ಕೊಳ್ಳಿ. ಅಷ್ಟರಲ್ಲಿ ಬೆಲೆಯೂ ಇಳಿದಿರಬಹುದು.

– ಸಂಪಾದಕ