ಅಕ್ಕಲಕೋಟದಾಗ ಇಂಗ್ಲಿಷ್ ಎಂದ ಶುರು ಆಗಬೇಕು

ದೋಸ್ತ, "ಪಾಪ, ಆರು ವರ್ಷದ ಮಗೂಗೆ ಕನ್ನಡ, ಮರಾಠಿ, ಇಂಗ್ಲಿಷ್ ಎಲ್ಲಾ ಒಟ್ಟಿಗೇನಾ, ಸುಮ್ನೆ ಇಂಗ್ಲಿಷ್ ಮೀಡಿಯಂಗೆ ಹಾಕ್ಬಾರ್ದಾ" ಅಂತ ಕೇಳಿದ್ಯಲ್ಲ, ಕನಿಕರ ಬ್ಯಾಡ, ಕೇಳು. ನಮ್ಮ ಅಕ್ಕಲಕೋಟ ತಾಲೂಕು ಸೋಲಾಪುರ ಜಿಲ್ಲಾದಾಗ ಅದ, ಮಹಾರಾಷ್ಟ್ರ ಖರೆ, ಆದ್ರ ಎಷ್ಟೋ ಹಳ್ಳ್ಯಾಗ ಮನಿ ಮಾತು ಕನ್ನಡನ. ಜಿಲ್ಲಾ ಪರಿಷದ್ ಕನ್ನಡ ಸಾಲಿ ಅದಾವ, ರಾಜ್ಯದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವರು ಪುಣೆದಾಗ ಕನ್ನಡ ಪುಸ್ತಕ ಮಾಡ್ತಾರ. ಮರಾಠಿ ಸಂತ್ಯಾಗ ಬಸ್ಸಿನಾಗ ಕಿವಿಗೆ ಬೀಳ್ತದ, ಇಂಗ್ಲಿಷ್ ಅಷ್ಟ ಪೂರಾ ಹೊರಗಿಂದು. ಅದನ್ನ ನಮ್ಮಲ್ಲಿ 2000ದಾಗೇ ಒಂದನೇತ್ತೆಯಿಂದ ಶುರು ಮಾಡ್ಯಾರ, ನಿಮ್ಮ ಕಡಿ ಕರ್ನಾಟಕದಾಗ ಸರಕಾರಿ ಸಾಲಿಗೆ ಬಂದದ್ದು 2007ರಾಗ.

ಲಗೂ ಶುರು ಮಾಡೂದಕ್ಕ ನಂದು ತಕರಾರಿಲ್ಲ. ಹಾಡು, ಆಟ, ನಾಕು ಮಾತು, ಒಂದನೇತ್ತೆಗೆ ಅಷ್ಟ ಸಾಕು, ಓದೂದು ಬರಿಯೂದು ಸ್ಪೆಲ್ಲಿಂಗು ಮೂರನೇತ್ತೆಗೆ ಬರ್ಲಿ. ಕನ್ನಡ ಒತ್ತಕ್ಷರ ಇನ್ನೂ ಗಟ್ಟಿ ಆಗಿರೂದಿಲ್ಲ, ಅಷ್ಟ್ರಾಗ ದೇವನಾಗರಿ ಬರ್ತದ, ಅದರ ಬೆನ್ನಿಗೇ ಎಬಿಸಿಡಿ, ಅದರಾಗ ಬರಿಯೂದೊಂದು ಓದೂದೊಂದು. ಒಂದು ಲಿಪಿ ಕೈಗೆ ಕುಂತ್ರ ಮುಂದಿಂದು ತಾನ ಹತ್ತತದ.

ಆದ್ರ ನಾವು ದಿನಾ ಬಡದಾಡೂದು ವಯಸ್ಸಿನ ಸಲುವಾಗಿ ಅಲ್ಲ, ಮಾಸ್ತರ ಸಲುವಾಗಿ. ಕನ್ನಡ ಸಾಲಿಗೆ ಕನ್ನಡ ಬರಲಾರದವರನ್ನ ಹಾಕ್ತಾರ. ಅವರು ಒಳ್ಳೆಯವರ, ಮನಸಿಟ್ಟು ಕಲಸ್ತಾರ, ಆದ್ರ ಇಂಗ್ಲಿಷ್ ಪಾಠದ ಅರ್ಥ ಮರಾಠ್ಯಾಗ ಹೇಳ್ತಾರ, ಆ ಮರಾಠಿ ಕೂಸಿಗೆ ಇನ್ನೂ ತಿಳಿಯೂದಿಲ್ಲ, ಗೊತ್ತಿಲ್ಲದ್ದನ್ನ ಗೊತ್ತಿಲ್ಲದ್ದರಾಗ ಕಲಿ ಅಂದ್ರ ಅದು ಹ್ಯಾಂಗ ಕಲೀಬೇಕು, ಬಾಯಿಪಾಠ ಮಾಡ್ಕೊಂಡು ಬರ್ತದ, ಸಂಜೀಕ ನಾವು ಕುಂತು ಎಲ್ಲಾ ಮತ್ತ ಮೊದಲಿಂದ ಹೇಳಬೇಕು. ಹೊಲದಿಂದ ದಣದು ಬಂದ ಅವ್ವಗ ಇಂಗ್ಲಿಷ್ ಬರ್ಲಿಲ್ಲ ಅಂದ್ರ ಆ ಕೂಸಿಗೆ ಯಾರು ಹೇಳವರು?

2025ರ ಏಪ್ರಿಲ್‌ದಾಗ ಮರಾಠಿ, ಇಂಗ್ಲಿಷ್ ಮಾಧ್ಯಮದ ಸಾಲಿಗೆ ಒಂದನೇತ್ತೆಯಿಂದ ಹಿಂದಿ ಅಂತ ನಮ್ಮ ರಾಜ್ಯ ಸರಕಾರದ ಆದೇಶ ಬಂತು. ಸಣ್ಣ ಮಕ್ಕಳಿಗೆ ಮೂರನೇ ಭಾಷಾ ಭಾರ ಆಗ್ತದ ಅಂತ ಇಡೀ ರಾಜ್ಯ ಎದ್ದು ನಿಂತು ಜೂನ್‌ದಾಗ ವಾಪಸ್ ತಗೊಳ್ಳೂಹಂಗ ಮಾಡ್ತು. ಅವರು ಹೇಳಿದ್ದು ಖರೆ ಅದ. ಆದ್ರ 2020ರ ಕಾಯ್ದೆದಿಂದ ಮರಾಠಿ ಕಡ್ಡಾಯ ಆದಮ್ಯಾಲ ನಮ್ಮ ಮಕ್ಕಳು ಕನ್ನಡ, ಮರಾಠಿ, ಇಂಗ್ಲಿಷ್ ಅಂತ ಮೂರು ಭಾಷಾ ಹೊತ್ಕೊಂಡೇ ನಡದಾರ, ಅವರ ಭಾರ ಯಾರೂ ತೂಗಿ ನೋಡ್ಲಿಲ್ಲ.

ಇಂಗ್ಲಿಷ್ ಮೀಡಿಯಂ ಬಸ್ಸು ನಮ್ಮ ಊರಿಗೂ ಬರ್ತದ. ಎಲ್ಲರೂ ಅದನ್ನ ಹತ್ತಿದ್ರ ಮಕ್ಕಳ ಸಂಖ್ಯಾ ಕಡಿಮಿ ಅಂತ ಕನ್ನಡ ಸಾಲಿ ಮುಚ್ಚತಾರ, ಅದಕ್ಕ ನನ್ನ ಮಗಳು ಇಲ್ಲೇ ಕಲೀತಾಳ. ಕನ್ನಡ ಬರೂ ಮಾಸ್ತರನ್ನ ಕೊಡ್ರಿ ಅಂತ ಈ ವರ್ಷನೂ ಅರ್ಜಿ ಕೊಟ್ಟೀವಿ.