ರಾತ್ರಿ ಬ್ಯಾಕಪ್‌ಗೆ ಸಿಐಸಿಎಸ್ ಫೈಲ್ ಮುಚ್ಚಲೇಬೇಕಾ?

ವೀಸ್ಯಾಮ್ ಕೆಎಸ್‌ಡಿಎಸ್ ಫೈಲನ್ನು (ಐಬಿಎಂ ಮೇನ್‌ಫ್ರೇಮ್‌ನಲ್ಲಿ ಕೀ ಮೂಲಕ ರೆಕಾರ್ಡ್ ಹುಡುಕುವ ಫೈಲ್) ಸಿಐಸಿಎಸ್‌ನಲ್ಲಿ (ಅಲ್ಲಿ ಆನ್‌ಲೈನ್ ವಹಿವಾಟು ನಡೆಸುವ ಸಾಫ್ಟ್‌ವೇರ್) ತೆರೆದಿಟ್ಟುಕೊಂಡೇ ಬ್ಯಾಕಪ್ ತೆಗೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ದಿನಾ ರಾತ್ರಿ ಮುಚ್ಚಿ ತೆರೆಯುವ ಕಷ್ಟ ಬೇಡ.

ಮೊದಲು ಆ ಡೇಟಾಸೆಟ್, ಅಂದರೆ ಆ ಫೈಲ್, ಎಸ್‌ಎಂಎಸ್ (ಸಿಸ್ಟಮ್ಮೇ ಸ್ಟೋರೇಜ್ ನೋಡಿಕೊಳ್ಳುವ ವ್ಯವಸ್ಥೆ) ಹಿಡಿತದಲ್ಲಿದೆಯಾ ನೋಡಿ. ಇಲ್ಲದಿದ್ದರೆ ಮುಂದಿನದೇನೂ ನಡೆಯುವುದಿಲ್ಲ. ಆಮೇಲೆ ಫೈಲನ್ನು ಒಮ್ಮೆ ಎಲ್ಲ ಕಡೆ ಮುಚ್ಚಿ, ಕ್ಯಾಟಲಾಗಿನಲ್ಲಿರುವ (ಫೈಲುಗಳ ವಿವರ ಇಡುವ ಪಟ್ಟಿ) ಅದರ ವಿವರ ಬದಲಿಸಲು ಐಡಿಕ್ಯಾಮ್ಸ್ ಎಂಬ ಯುಟಿಲಿಟಿಯ ಆಲ್ಟರ್ ಕಮಾಂಡಿನಲ್ಲಿ ಬಿಡಬ್ಲ್ಯುಓ (ತೆರೆದಿರುವಾಗಲೇ ಬ್ಯಾಕಪ್) ಜಾಗಕ್ಕೆ ಟೈಪ್‌ಸಿಐಸಿಎಸ್, ಲಾಗ್ ಜಾಗಕ್ಕೆ ಆಲ್, ಜೊತೆಗೆ ಲಾಗ್‌ಸ್ಟ್ರೀಮ್‌ಐಡಿ (ಬದಲಾವಣೆಗಳು ದಾಖಲಾಗುವ ಲಾಗಿನ ಹೆಸರು) ಕೊಡಿ. ಕ್ಯಾಟಲಾಗ್ ಬದಲು ಸಿಐಸಿಎಸ್ ಫೈಲ್ ಡೆಫಿನಿಷನ್‌ನಲ್ಲೇ ಬರೆಯುವುದಾದರೆ ಬ್ಯಾಕಪ್‌ಟೈಪ್ ಡೈನಮಿಕ್, ರಿಕವರಿ ಆಲ್, ಫಾರ್ವರ್ಡ್ ರಿಕವರಿ ಲಾಗಿನ ನಂಬರ್ ಇರಬೇಕು. ಡಂಪ್, ಅಂದರೆ ಪ್ರತಿ ತೆಗೆಯುವ ಕೆಲಸ, ಡಿಎಫ್‌ಎಸ್‌ಎಂಎಸ್ ಎಂಬ ಸ್ಟೋರೇಜ್ ಸಾಫ್ಟ್‌ವೇರ್‌ನ ಡಿಎಸ್‌ಎಸ್ ಭಾಗ ಮಾಡುತ್ತದೆ.

ಲಾಗ್ ವಿಷಯ ದಯವಿಟ್ಟು ಹಗುರವಾಗಿ ತೊಗೋಬೇಡಿ. ಡಂಪ್ ಆಗುವಾಗಲೂ ರೆಕಾರ್ಡುಗಳು ಬದಲಾಗುತ್ತಲೇ ಇರುತ್ತವೆ, ಅಲ್ವಾ? ಹಾಗಾಗಿ ಆ ಪ್ರತಿಯಲ್ಲಿ ಹಳೆಯದೂ ಹೊಸದೂ ಕಲೆತಿರುತ್ತದೆ. ಅದೊಂದನ್ನೇ ರಿಸ್ಟೋರ್ ಮಾಡಿದರೆ ಸಾಲದು. ಕ್ಯಾಟಲಾಗಿನಲ್ಲಿರುವ ರಿಕವರಿ ಪಾಯಿಂಟ್‌ನಿಂದ (ಎಲ್ಲಿಂದ ಲಾಗ್ ಹಾಯಿಸಬೇಕೆಂಬ ಗುರುತು) ಮುಂದಿನ ಲಾಗನ್ನು ಸಿಐಸಿಎಸ್‌ವಿಆರ್‌ನಂಥ ರಿಕವರಿ ಟೂಲ್‌ನಿಂದ ಅದರ ಮೇಲೆ ಹಾಯಿಸಬೇಕು. ಲಾಗ್ ಅಳಿಸಿಹೋಗಿದ್ದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಮಾತು. ಡಂಪ್ ನಡುವೆ ಕಂಟ್ರೋಲ್ ಏರಿಯಾ ಸ್ಪ್ಲಿಟ್ (ಜಾಗ ತುಂಬಿ ಫೈಲಿನ ಒಂದು ದೊಡ್ಡ ಭಾಗ ಎರಡಾಗುವುದು) ಆದರೆ ಆ ಪ್ರತಿ ಕೆಡುತ್ತದೆ, ಮತ್ತೆ ತೆಗೆಯಬೇಕು. ಹೊಸ ರೆಕಾರ್ಡ್ ಜಾಸ್ತಿ ಬೀಳುವ ಹೊತ್ತಿನಲ್ಲಿ ಜಾಬ್ ಇಡಬೇಡಿ. ಒಂದು ಟೆಸ್ಟ್ ಫೈಲ್ ಮೇಲೆ ರಿಸ್ಟೋರ್ ಪೂರ್ತಿ ಮಾಡಿ ನೋಡಿದ ಮೇಲೇ ಪ್ರೊಡಕ್ಷನ್‌ಗೆ ಹೋಗಿ.