ಹೊಸ ಬ್ಯಾಟರಿಗಿಂತ ಮೊದಲು ಮಲ್ಟಿಮೀಟರ್ ಕೊಳ್ಳಿ

ನಾಲ್ಕು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಯಾವ ಕಂಪನಿಯ ಬ್ಯಾಟರಿ ಹಾಕಿಸಲಿ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಯಾವುದನ್ನೂ ಹಾಕಿಸಬೇಡಿ. ನಾನು ಬಳ್ಳಾರಿಯವನು, ತೋರಣಗಲ್ಲಿಗೆ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವುದರಿಂದ ನನ್ನ ಕಾರು ವಾರವಿಡೀ ಮನೆಯ ಮುಂದೆಯೇ ನಿಂತಿರುತ್ತದೆ. ಎರಡು ವರ್ಷಗಳ ಹಿಂದೆ ಪ್ರತಿ ಶನಿವಾರವೂ ಸೆಲ್ಫ್ ಹೊಡೆದರೆ ಟಿಕ್ ಟಿಕ್ ಸದ್ದಷ್ಟೇ ಬರುತ್ತಿತ್ತು. ನಮ್ಮೂರಿನ ಬಿಸಿಲಿಗೆ ಬ್ಯಾಟರಿ ತಡೆಯುವುದಿಲ್ಲ ಎಂಬ ಅಂಗಡಿಯವರ ಮಾತನ್ನು ನಂಬಿ ಹೊಸದನ್ನು ಹಾಕಿಸಿದೆ. ಬಿಸಿಲು ಬ್ಯಾಟರಿಯ ಆಯುಷ್ಯವನ್ನು ಕುಗ್ಗಿಸುವುದು ನಿಜ, ಆದರೆ ಹೊಸ ಬ್ಯಾಟರಿಯನ್ನು ನಾಲ್ಕೇ ದಿನಗಳಲ್ಲಿ ಬರಿದು ಮಾಡುವುದಿಲ್ಲ. ಎರಡನೆಯ ಶನಿವಾರವೇ ಅದೂ ಕೈಕೊಟ್ಟಿತು.

ಆಮೇಲೆ, ನಿಂತ ಕಾರು ಬ್ಯಾಟರಿಯಿಂದ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯಲು ಮಲ್ಟಿಮೀಟರ್ ತಂದೆನಾದರೂ ಅಳೆಯುವಾಗ ಮಾಡಿದ ಒಂದು ತಪ್ಪಿನಿಂದ ಹನ್ನೊಂದು ಸಾವಿರ ರೂಪಾಯಿ ಕಳೆದುಕೊಂಡೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನ ಕ್ಲಾಂಪ್ ಬಿಚ್ಚಿ, ಆ ಟರ್ಮಿನಲ್ಲಿಗೂ ಬಿಚ್ಚಿದ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಒಳಗಿನ ಫ್ಯೂಸ್ ಬಾಕ್ಸ್ ಕೈಗೆ ಸಿಗಲೆಂದು ಚಾಲಕನ ಬಾಗಿಲನ್ನು ತೆರೆದೇ ಇಟ್ಟಿದ್ದೆ. ಬಾಗಿಲು ತೆರೆದಿರುವಷ್ಟು ಹೊತ್ತು ಒಳದೀಪ ಉರಿಯುತ್ತದೆ, ಲಾಕಿನ ಯೂನಿಟ್ ಮುಂತಾದವೆಲ್ಲ ಎಚ್ಚರವಾಗಿರುತ್ತವೆ. ಬಾಗಿಲು ಮುಚ್ಚಿದ ಮೇಲೂ ಅವು ಪೂರ್ತಿ ಮಲಗಲು ಅರ್ಧ ಗಂಟೆ, ಕೆಲವು ಕಾರುಗಳಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ನಾನು ಒಂದು ನಿಮಿಷವೂ ಕಾಯಲಿಲ್ಲ. ಮೀಟರ್ 1.6 ಆಂಪಿಯರ್ ತೋರಿಸಿತು, ಒಳದೀಪದ ಫ್ಯೂಸ್ ಕಿತ್ತೊಡನೆ ಅಂಕಿ ಇಳಿಯಿತು, ಕಳ್ಳ ಸಿಕ್ಕನೆಂದು ತಿಳಿದು ನಾಲ್ಕು ಬಾಗಿಲುಗಳ ಸ್ವಿಚ್ಚನ್ನೂ ಸೆಂಟ್ರಲ್ ಲಾಕಿನ ಯೂನಿಟ್ಟನ್ನೂ ಬದಲಾಯಿಸಿಬಿಟ್ಟೆ. ಎಚ್ಚರವಾಗಿರುವ ಕಾರು ಎಳೆಯುವ ಕರೆಂಟನ್ನು ಸೋರಿಕೆಯೆಂದು ಓದಿದ್ದೆ, ಅಷ್ಟೆ.

ಮುಂದಿನ ಸಲ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆಯೆಂದು ಕಾರು ತಿಳಿಯುವಂತೆ ಮಾಡಿ, ಕೀಲಿಯನ್ನು ಮನೆಯೊಳಗಿಟ್ಟು ನಲವತ್ತೈದು ನಿಮಿಷ ಕಾದೆ. ಮಲಗಿದ ಕಾರು ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಹೆಚ್ಚು ಎಳೆಯಬಾರದು, ನನ್ನದು 0.42ರಲ್ಲಿ ನಿಂತಿತ್ತು. ಇಪ್ಪತ್ನಾಲ್ಕು ಗಂಟೆ ಹಾಗೆ ಎಳೆದರೆ ದಿನಕ್ಕೆ ಹತ್ತು ಆಂಪಿಯರ್-ಅವರ್, ಎಂದರೆ 45 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನಗಳಲ್ಲಿ ಹೆಚ್ಚೂಕಡಿಮೆ ಖಾಲಿ, ಲೆಕ್ಕ ಸರಿಹೋಯಿತು. ಆದರೆ ಒಂದೊಂದಾಗಿ ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಕದಲಲಿಲ್ಲ. ಹಾಗಾದಾಗ ಫ್ಯೂಸ್ ಬಾಕ್ಸನ್ನು ಮುಟ್ಟದೆ ನೇರವಾಗಿ ಬ್ಯಾಟರಿಗೆ ಬರುವ ತಂತಿಗಳನ್ನು ಹಿಡಿಯಬೇಕು: ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಟಾರ್ಟರ್, ಮತ್ತು ಹೊರಗಿನವರು ಎಳೆದ ತಂತಿ. ನನ್ನಲ್ಲಿ ಪಾಸಿಟಿವ್‌ನಿಂದ ಒಂದು ದಪ್ಪ ಕೆಂಪು ತಂತಿ ಸೀಟಿನ ಕೆಳಗಿದ್ದ, ಮ್ಯೂಸಿಕ್ ಸಿಸ್ಟಮ್ಮಿನ ಆಂಪ್ಲಿಫೈಯರಿಗೆ ಹೋಗಿತ್ತು. ಬೆಳಗಿನ ಐದು ಗಂಟೆಗೆ, ಕಾರಿನ ತಗಡೆಲ್ಲ ತಣ್ಣಗಿದ್ದಾಗ, ಅದೊಂದು ಡಬ್ಬಿ ಮಾತ್ರ ಅಂಗೈಗೆ ಬೆಚ್ಚಗೆ ತಾಗಿತು. ಸಿಸ್ಟಮ್ ಆನ್ ಆದಾಗ ಮಾತ್ರ ಆಂಪ್ಲಿಫೈಯರನ್ನು ಎಬ್ಬಿಸಬೇಕಾದ ನೀಲಿ ತಂತಿಯನ್ನು ಕೂಡಿಸಿದವರು ಆ ಕೆಂಪು ತಂತಿಗೇ ಸುತ್ತಿ, ಕರಿ ಟೇಪು ಹಚ್ಚಿದ್ದರು. ಬಿಚ್ಚಿ ಸರಿಯಾದ ಜಾಗಕ್ಕೆ ಹಾಕಿದ ಮೇಲೆ ಮೀಟರ್ 0.03ಕ್ಕೆ ಇಳಿಯಿತು.

ಆದ್ದರಿಂದ ಮ್ಯೂಸಿಕ್ ಸಿಸ್ಟಮ್, ಕ್ಯಾಮೆರಾ, ಜಿಪಿಎಸ್ ಎಂದು ನೀವು ಹೊರಗಿನವರಿಂದ ಹಾಕಿಸಿದ್ದೇನಾದರೂ ಇದ್ದರೆ ಅದರಿಂದಲೇ ಹುಡುಕಲು ಆರಂಭಿಸಿ. ಮೀಟರ್ ಸೇರಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಅದರೊಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಸೋರಿಕೆ ನಿಲ್ಲಿಸದೆ ಎಷ್ಟೇ ಒಳ್ಳೆಯ ಬ್ಯಾಟರಿ ತಂದರೂ ಉಳಿಯುವುದಿಲ್ಲ, ಸೀಸದ ಬ್ಯಾಟರಿ ನಾಲ್ಕಾರು ಸಲ ಪೂರ್ತಿ ಬರಿದಾದರೆ ಅದರ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಕಾರು ಮಲಗಿದ ಮೇಲೆ ಅಂಕಿ 0.05ರೊಳಗೇ ಇದ್ದು, ಆಗಲೂ ನಾಲ್ಕು ದಿನಗಳಿಗೆ ಬ್ಯಾಟರಿ ಇಳಿಯುತ್ತಿದ್ದರೆ ಮಾತ್ರ ಅದಕ್ಕೆ ಲೋಡ್ ಟೆಸ್ಟ್, ಎಂದರೆ ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ಶಕ್ತಿ ನೋಡುವ ಪರೀಕ್ಷೆ, ಮಾಡಿಸಿ. ಯಾವ ಕಂಪನಿಯದೆಂಬುದು ಅದರಾಚೆಯ ಮಾತು.